ಕಾವಲಿಲ್ಲದೆ ಎದ್ದ ಏಳು ಕೋರ್‌ಗಳು

ವಲ್ಲರೂ ಬಂದರಿನ ಗೋಧಿ ಗೋದಾಮಿನಲ್ಲಿ ತೂಕದ ಯಂತ್ರಗಳನ್ನು ನೋಡಿಕೊಳ್ಳುವ ಲೋರ್ನಾ ಟ್ರೆಗೆನ್ಜಾಗೆ ಸಂಬಳವಿಲ್ಲದ ಇನ್ನೊಂದು ಕೆಲಸವೂ ಇತ್ತು. ಯಾರು ಬೇಕಾದರೂ ತಿದ್ದಬಹುದಾದ ಒಂದು ಆಪರೇಟಿಂಗ್ ಸಿಸ್ಟಮ್ಮಿನ ತಿರುಳಿನಲ್ಲಿ, ಅಂದರೆ ಕರ್ನಲ್‌ನಲ್ಲಿ, ಪ್ರೊಸೆಸರನ್ನು ಎಬ್ಬಿಸುವ ಭಾಗ ಹನ್ನೊಂದು ವರ್ಷದಿಂದ ಅವಳ ಪಾಲಿನದು.

ಒಂದು ಶನಿವಾರ ಬೆಳಿಗ್ಗೆ ದೂರದ ದ್ವೀಪವೊಂದರ ನುಕುಅಲೋಫಾ ಪಟ್ಟಣದಿಂದ ಸಲೋಟೆ ಎಂಬ ಅಪರಿಚಿತಳ ಪತ್ರ ಬಂತು: "ಲ್ಯಾಪ್‌ಟಾಪ್ ಮಲಗಿ ಎದ್ದಮೇಲೆ ಕಾವಲು ಇರೋದೇ ಇಲ್ಲ. ನೀವೇ ನೋಡಿ." ಹೊರಗಿನ ಪ್ರೋಗ್ರಾಮೊಂದು ಕರ್ನಲ್‌ನ ಅಧಿಕಾರ ಕದ್ದು ತನ್ನ ಆದೇಶ ನಡೆಸದಂತೆ ತಡೆಯುವ ಕಾವಲು ಅದು.

ಲೋರ್ನಾ ನಂಬಲಿಲ್ಲ. ತನ್ನ ಯಂತ್ರವನ್ನು ಮಲಗಿಸಿ, ಎಬ್ಬಿಸಿ, ಪ್ರೊಸೆಸರಿನೊಳಗೆ ಕೆಲಸ ಹಂಚಿಕೊಳ್ಳುವ ಎಂಟು ಘಟಕಗಳನ್ನೂ, ಅಂದರೆ ಕೋರ್‌ಗಳನ್ನೂ, ಒಂದೊಂದಾಗಿ ಪರೀಕ್ಷಿಸಿದಳು. ಮೊದಲನೆಯದರಲ್ಲಿ ಕಾವಲಿತ್ತು. ಉಳಿದ ಏಳರಲ್ಲಿ ಇರಲಿಲ್ಲ. ಕರ್ನಲ್‌ನಲ್ಲಿ ಕಾವಲು ಹಾಕುವ ಸಾಲನ್ನು ಬರೆದವರು ಯಾರೆಂದು ಹುಡುಕಿದರೆ, ತನ್ನದೇ ಹೆಸರು.

ಜೆಟ್ಟಿಯಿಂದ ಏಡಿ ಹಿಡಿದು ತಂದ ಗಂಡ ಕ್ಲೆಮ್ ಬಾಗಿಲಲ್ಲೇ ನಿಂತ. "ಯಾಕೇ, ಮುಖ ಹಿಂಗೆ ಬಿಳಿಚ್ಕೊಂಡಿದೆ?"

"ಬಾಗ್ಲು ಹಾಕೋದು ಮರ್ತಿದೀನಿ ಕಣೋ. ಒಂಬತ್ತು ವರ್ಷದ ಹಿಂದೆ."

"ನಮ್ಮನೇದಾ?"

"ಯಾರ್ಯಾರ ಮನೇದೋ!"

ಕ್ಲೆಮ್ ಬಕೆಟ್ಟು ಕೆಳಗಿಟ್ಟ. "ಸರಿ, ಈಗ ಹಾಕು. ಅಳ್ತಾ ಕೂತ್ರೆ ಅದೇನು ತಾನಾಗೇ ಮುಚ್ಕೊಳುತ್ತಾ?"

ಕಾರಣ ತಿಳಿಯಲು ಅವಳು ಕೋರ್‌ಗಳು ಏಳುವ ಪ್ರತಿ ಹೆಜ್ಜೆಯನ್ನೂ ದಾಖಲಿಸಿ, ನಿಧಾನವಾಗಿ ಓದಿದಳು. ಮೊದಲ ಕೋರ್ ಎದ್ದು ಉಳಿದವನ್ನು ಕರೆಯುತ್ತದೆ. ಅವು ಏನೂ ನೆನಪಿಲ್ಲದೆ ಏಳುತ್ತವೆ. ತನ್ನ ಸಂಖ್ಯೆ ಯಾವುದು, ತನ್ನಂಥವು ಇನ್ನೂ ಇವೆಯೇ ಎಂಬುದೂ ಯಾವುದಕ್ಕೂ ಗೊತ್ತಿರುವುದಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲವನ್ನೂ ಮೊದಲಿಂದ ಕಲಿತು ಕೆಲಸಕ್ಕೆ ಸೇರಿಕೊಳ್ಳುತ್ತವೆ. ಇದನ್ನು ಬರೆದವಳು ತಾನೇ, ಆದರೆ ಹೀಗೆ ನೋಡಿದ್ದು ಇದೇ ಮೊದಲು. ಲೋರ್ನಾಳ ಮೈ ಜುಮ್ಮೆಂದಿತು.

ಕಾವಲಿನ ಸಾಲು ಮೊದಲ ಕೋರ್ ಮಾತ್ರ ಹಾಯುವ ದಾರಿಯಲ್ಲಿತ್ತು. ಅದನ್ನು ಎಲ್ಲ ಕೋರ್‌ಗಳೂ ಹಾಯುವ ದಾರಿಗೆ, ಯಾವ ಕೆಲಸವನ್ನೂ ಮುಟ್ಟುವ ಮೊದಲೇ ಬರುವಂತೆ, ಸರಿಸಿದಳು. ಇನ್ನೂರು ಸಲ ಮಲಗಿಸಿ ಎಬ್ಬಿಸಿದಳು. ಎಂಟರಲ್ಲೂ ಕಾವಲಿತ್ತು. "ತಪ್ಪು ನನ್ನದು, ಕಂಡುಹಿಡಿದವಳು ಸಲೋಟೆ" ಎಂದು ಬರೆದು, ತಿದ್ದುವ ಮೊದಲೇ ಕಳ್ಳರಿಗೆ ಸುಳಿವು ಸಿಗದಂತೆ, ಕರ್ನಲ್‌ನ ಭದ್ರತೆ ನೋಡಿಕೊಳ್ಳುವ ಬಳಗಕ್ಕೆ ಗುಟ್ಟಾಗಿ ಕಳಿಸಿದಳು.

"ಎಷ್ಟು ಬರ್ದೆ?" ಎಂದ ಕ್ಲೆಮ್.

"ಎರಡು ಸಾಲು."

"ಎರಡೇ? ಅದಕ್ಕಾ ನಾಲ್ಕು ದಿನದಿಂದ ಅಡುಗೆ ನನ್ನ ತಲೇಗೆ ಕಟ್ಟಿದ್ದು?"

ಹತ್ತು ದಿನಗಳ ನಂತರ ತಿದ್ದುಪಡಿ ಬಹಿರಂಗವಾಯಿತು. ಅದನ್ನು ತಮ್ಮ ಯಂತ್ರಗಳಿಗೆ ಹಾಕಿಕೊಂಡವರ ಉತ್ತರಗಳು ಬರತೊಡಗಿದವು: ಮೀನುಗಾರಿಕೆ ಹಡಗೊಂದರಿಂದ, ಬೆಟ್ಟದ ಮೇಲಿನ ದೂರದರ್ಶಕದಿಂದ, ಹೆಸರೇ ಕೇಳದ ಊರಿನ ಶಾಲೆಯಿಂದ. ಒಂದೊಂದನ್ನೂ ಲೋರ್ನಾ ಎರಡೆರಡು ಸಲ ಓದಿದಳು. ತಾನು ಬರೆದ ಸಾಲುಗಳು ಇಷ್ಟು ದೂರ ಹೋಗಿವೆಯೆಂದು ಆವರೆಗೆ ಅವಳಿಗೆ ತಿಳಿದಿರಲಿಲ್ಲ.