ನಿಜಲಿಂಗಪ್ಪನವರು ಬರೆಯದೆ ಬಿಟ್ಟ ಸಾಲು

ಗದಗಿನ ನಿಜಲಿಂಗಪ್ಪನವರು ಜರ್ಮನಿಗೆ ಬಂದು ಇಪ್ಪತ್ತಮೂರು ವರ್ಷವಾದರೂ ಬದಲಾಯಿಸಿಕೊಳ್ಳದ ಸಂಗತಿಗಳು ಎರಡು. ಒಂದು ಊರಿನ ಮಾತು, ಇನ್ನೊಂದು ತಾವು ಮಾಡಿದ ಕೆಲಸ ಕೆಡುವುದಿಲ್ಲ ಎಂಬ ನಂಬಿಕೆ. ಮೊದಲನೆಯದರಿಂದ ಯಾರಿಗೂ ತೊಂದರೆಯಾಗಲಿಲ್ಲ.

ಗಾರ್ಕಿಂಗ್‌ನ ಒಂದು ಸಂಶೋಧನಾ ಸಂಸ್ಥೆಯ ಲ್ಯಾಬಿನಲ್ಲಿ ಅವರು ಪ್ರೋಗ್ರಾಮರ್. ವಿಜ್ಞಾನಿಗಳು ಪೇಪರ್ ಬರೆಯುತ್ತಾರೆ, ಹೆಸರು ಮಾಡುತ್ತಾರೆ. ಪೇಪರಿನ ಕೊನೆಯಲ್ಲಿ ಸಣ್ಣಕ್ಷರದಲ್ಲಿ ಧನ್ಯವಾದ ಹೇಳಿಸಿಕೊಳ್ಳುವ ಜನರ ಸಾಲಿನಲ್ಲಿ ನಿಜಲಿಂಗಪ್ಪನವರು ಇರುತ್ತಿದ್ದರು. ಅದಕ್ಕೆ ಅವರು ಬೇಸರಪಟ್ಟವರಲ್ಲ. ಯಾಕೆಂದರೆ ಅವರಿಗೆ ಮೇಸ್ತ್ರಿ ಇತ್ತು.

ಮೇಸ್ತ್ರಿ ಎಂದರೆ ಅವರು ಬಂದ ಮರುವರ್ಷ ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಂ. ಹೆಸರಿಟ್ಟವರೂ ಅವರೇ. ಲ್ಯಾಬಿನಲ್ಲಿ ಒಂದೊಂದು ಉಪಕರಣಕ್ಕೆ ಒಂದೊಂದು ಚಿಕ್ಕ ಪ್ರೋಗ್ರಾಂ ಇತ್ತು: ಉಷ್ಣತೆ ಅಳೆಯುವುದಕ್ಕೆ ಒಂದು, ತಣ್ಣಗಿಡುವುದಕ್ಕೆ ಒಂದು, ಬಂದ ಅಂಕಿಗಳನ್ನು ಬರೆದಿಡುವುದಕ್ಕೆ ಮತ್ತೊಂದು. ಇವನ್ನೆಲ್ಲ ಕೆಲಸಕ್ಕೆ ಹಚ್ಚಿ ಕಾಯುವುದು ಮೇಸ್ತ್ರಿಯ ಕೆಲಸ. ಒಂದು ಆಳು, ಅಂದರೆ ಅಂಥದೊಂದು ಚಿಕ್ಕ ಪ್ರೋಗ್ರಾಂ, ಬೇಕೆಂದರೆ ಅದು ಮೊದಲು ತನ್ನದೇ ಒಂದು ನಕಲು ಮಾಡುತ್ತದೆ, ಆ ನಕಲು ವೇಷ ಬದಲಿಸಿಕೊಂಡು ಕೆಲಸಕ್ಕಿಳಿಯುತ್ತದೆ. ಹೀಗೆ ಹುಟ್ಟಿದ ಆಳಿಗೆ ಕಂಪ್ಯೂಟರು ಒಂದು ನಂಬರು ಕೊಡುತ್ತದೆ, ಮೇಸ್ತ್ರಿ ಅದನ್ನು ಬರೆದಿಟ್ಟುಕೊಳ್ಳುತ್ತದೆ. ಕೆಲಸ ಮುಗಿಸಿದ ಆಳಿನ ವರದಿ ಕೇಳಿ ಕಳಿಸಿಕೊಡುವುದು, ಅರ್ಧ ನಿಮಿಷವಾದರೂ ಉಸಿರೆತ್ತದ ಆಳಿದ್ದರೆ ಅದರ ನಂಬರು ಹಿಡಿದು ಮುಗಿಸಿಬಿಡುವುದು, ಬದಲಿಗೆ ಹೊಸದನ್ನು ಹಚ್ಚುವುದು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಮೇಸ್ತ್ರಿ ಹೆಗ್ಗಣವೇನೂ ಆಗಿರಲಿಲ್ಲ, ಹದಿನಾರು ವರ್ಷ ಒಂದು ದಿನವೂ ಕೈಕೊಡದೆ ದುಡಿದಿತ್ತು. ಹೊಸಬರು ಲ್ಯಾಬಿಗೆ ಬಂದರೆ ನಿಜಲಿಂಗಪ್ಪನವರು ಮೊದಲು ಕಾಫಿ ಕೊಡಿಸುತ್ತಿದ್ದರು, ಆಮೇಲೆ ಮೇಸ್ತ್ರಿಯ ಕಥೆ ಹೇಳುತ್ತಿದ್ದರು.

ಹಾಗೆ ಕಾಫಿ ಕುಡಿದು ಕಥೆ ಕೇಳಿದವರಲ್ಲಿ ಮಧುಮತಿಯೂ ಒಬ್ಬಳು. ಮೈಸೂರಿನ ಹುಡುಗಿ, ಡಾಕ್ಟರೇಟ್ ಮಾಡಲು ಬಂದಿದ್ದಳು. ತುಂಬ ತಣ್ಣಗಿನ ಸ್ಥಿತಿಯಲ್ಲಿ ಕೆಲವು ಹರಳುಗಳು ಹೇಗೆ ವರ್ತಿಸುತ್ತವೆ ಎನ್ನುವುದು ಅವಳ ವಿಷಯ. ನಿಜಲಿಂಗಪ್ಪನವರ ಹೆಂಡತಿ ಸುಶೀಲಮ್ಮನಿಗೆ ಅವಳೆಂದರೆ ಬಹಳ ಅಕ್ಕರೆ. ಭಾನುವಾರಗಳಂದು ಮನೆಗೆ ಕರೆದು ರೊಟ್ಟಿ, ಎಣಗಾಯಿ ಬಡಿಸುತ್ತಿದ್ದರು. ರೊಟ್ಟಿ ಬಡಿಯಲು ಹೋಗಿ ಅವಳು ಹರಿದ ಹಿಟ್ಟನ್ನು ನೋಡಿ ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು.

ಎರಡು ಸಾವಿರದ ಹದಿನೆಂಟರ ಅಕ್ಟೋಬರ್ ತಿಂಗಳು. ಬೇರೆ ಊರಿನ ಲ್ಯಾಬಿನವರು ಒಂದು ವರ್ಷ ಬೆಳೆಸಿ ಕೊಟ್ಟಿದ್ದ ಹರಳನ್ನು ಮಧುಮತಿ ಹನ್ನೊಂದು ದಿನಗಳಿಂದ ತಣ್ಣಗಿಟ್ಟು ಅಳೆಯುತ್ತಿದ್ದಳು. ಅಂಥದ್ದು ಇನ್ನೊಂದು ಇರಲಿಲ್ಲ. ಹನ್ನೆರಡನೆಯ ದಿನ ಮಧ್ಯಾಹ್ನ ಲ್ಯಾಬಿನ ಎಲ್ಲ ಪ್ರೋಗ್ರಾಂಗಳೂ ಒಂದೇ ಕ್ಷಣದಲ್ಲಿ ಸತ್ತವು. ಮೇಸ್ತ್ರಿ ಮಾತ್ರ ಉಳಿಯಿತು. ಉಳಿದದ್ದು ಸುಮ್ಮನಿರಲಿಲ್ಲ, ತನ್ನ ಧರ್ಮದ ಪ್ರಕಾರ ಎಲ್ಲ ಆಳುಗಳನ್ನೂ ಮತ್ತೆ ಕೆಲಸಕ್ಕೆ ಹಚ್ಚಿತು. ಉಷ್ಣತೆ ನೋಡಿಕೊಳ್ಳುವ ಆಳು ಹೊಸದಾಗಿ ಎದ್ದಿತ್ತಲ್ಲ, ಎಷ್ಟು ತಣ್ಣಗಿಡಬೇಕೆಂದು ಅದಕ್ಕೆ ಯಾರೂ ಹೇಳಿರಲಿಲ್ಲ. ಹೇಳದಿದ್ದರೆ ಕೋಣೆಯ ಉಷ್ಣತೆಗೆ ತರುವುದೇ ಅದಕ್ಕೆ ಗೊತ್ತಿದ್ದ ಕೆಲಸ. ಹೀಟರ್ ಹಾಕಿತು. ಮಧುಮತಿ ಓಡಿಬರುವಷ್ಟರಲ್ಲಿ ಹರಳು ಎರಡು ಹೋಳಾಗಿತ್ತು.

ಆ ಲ್ಯಾಬಿನಲ್ಲಿ ಎಲ್ಲರೂ ಒಂದೇ ಹೆಸರಿನಲ್ಲಿ ಲಾಗಿನ್ ಆಗುವುದು ರೂಢಿ. ಕೆಟ್ಟ ರೂಢಿ, ಆದರೆ ಎಲ್ಲ ಲ್ಯಾಬಿನಲ್ಲೂ ಇರುವಂಥದು. ಅಂದು ಬೆಳಿಗ್ಗೆ ಮಧುಮತಿ ಅದೇ ಹೆಸರಿನಲ್ಲಿ ತನ್ನ ಲೆಕ್ಕಾಚಾರದ ಪ್ರೋಗ್ರಾಂಗಳನ್ನು ಓಡಿಸಿದ್ದಳು, ಎಲ್ಲವೂ ಸಾಯುವ ಸ್ವಲ್ಪ ಮೊದಲು ಸಿಕ್ಕಿಹಾಕಿಕೊಂಡಿದ್ದ ಕೆಲವನ್ನು ಕಮಾಂಡ್ ಕೊಟ್ಟು ನಿಲ್ಲಿಸಿದ್ದಳು, ಮತ್ತೆ ನೂರಾರನ್ನು ಶುರು ಮಾಡಿದ್ದಳು. ನಿಲ್ಲಿಸುವಾಗ ಕೈತಪ್ಪಿ ಎಲ್ಲವನ್ನೂ ಕೊಂದಿದ್ದಾಳೆ ಎಂದು ಲ್ಯಾಬಿನವರು ತೀರ್ಮಾನಿಸಿದರು. ಮೇಸ್ತ್ರಿ ಬಿದ್ದರೆ ಕಂಪ್ಯೂಟರೇ ಅದನ್ನು ಮತ್ತೆ ಎಬ್ಬಿಸುವ ಏರ್ಪಾಡಿತ್ತು, ಆದ್ದರಿಂದ ಅದು ಉಳಿದದ್ದು ಯಾರಿಗೂ ವಿಚಿತ್ರವಾಗಿ ಕಾಣಲಿಲ್ಲ. ಅವಳು ಏನು ಟೈಪ್ ಮಾಡಿದ್ದಳು ಎನ್ನುವ ದಾಖಲೆಯೂ ಆ ಸಾವಿನಲ್ಲೇ ಅಳಿಸಿಹೋಗಿತ್ತು.

ಲ್ಯಾಬಿನ ಪ್ರೊಫೆಸರು ನ್ಯಾಯವಂತರೇ. ಮಧುಮತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ನಿಜಲಿಂಗಪ್ಪನವರನ್ನು ಕರೆಸಿದರು. ನಿಮ್ಮ ಪ್ರೋಗ್ರಾಂ ಹೀಗೆ ಮಾಡುವ ಸಾಧ್ಯತೆ ಇದೆಯೇ ಎಂದು ಕೇಳಿದರು. ಇಲ್ಲ ಎಂದರು ನಿಜಲಿಂಗಪ್ಪನವರು. ಮೇಸ್ತ್ರಿ ತಾನು ಹುಟ್ಟಿಸಿದ ಆಳಿನ ನಂಬರು ಹಿಡಿದು ಮಾತ್ರ ಕೊಲ್ಲುತ್ತದೆ, ಬೇರೆಯವರನ್ನು ಮುಟ್ಟುವುದಿಲ್ಲ, ಹದಿನಾರು ವರ್ಷದಲ್ಲಿ ಮುಟ್ಟಿಲ್ಲ. ಅದನ್ನು ಹೇಳಲು ಅವರಿಗೆ ಅರ್ಧ ನಿಮಿಷವೂ ಹಿಡಿಯಲಿಲ್ಲ.

ಹೊರಗೆ ಕಾರಿಡಾರಿನಲ್ಲಿ ಮಧುಮತಿ ಅವರನ್ನು ತಡೆದಳು.

"ಸರ್, ನಾನು ಹೆಸರು ಹಾಕಿ ನನ್ನವನ್ನ ಮಾತ್ರ ನಿಲ್ಲಿಸಿದ್ದು. ನೀವಾದ್ರೂ ಒಂದ್ಸಲ ಕೋಡ್ ನೋಡಿ ಸರ್."

"ನೋಡೂದೇನೈತಿ ಅದರಾಗ? ನಾನ ಬರದದ್ದು," ಎಂದರು ನಿಜಲಿಂಗಪ್ಪನವರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಹುಡುಗಿ ಗಾಬರಿಯಲ್ಲಿದ್ದಾಳೆ, ನಾಲ್ಕು ದಿನ ಹೋದರೆ ಸರಿಹೋಗುತ್ತಾಳೆ ಎಂದುಕೊಂಡು ಅವಳ ಹೆಗಲು ತಟ್ಟಿ ಹೋದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದು ಎರಡೂ ಹೋಗಿದ್ದವು, ಅವರಿಗೆ ಹರಳಿನ ಹೋಳು ಮಾತ್ರ ಕಂಡಿತು.

ಆಮೇಲೆ ನಡೆದದ್ದನ್ನು ಉದ್ದ ಹೇಳುವುದಕ್ಕೆ ನಾಲಿಗೆ ಏಳುವುದಿಲ್ಲ. ಅಜಾಗರೂಕತೆಯನ್ನು ಯಾರೂ ದೊಡ್ಡದು ಮಾಡಲಿಲ್ಲ, ಒಪ್ಪಿಕೊಳ್ಳಲಿಲ್ಲವಲ್ಲ ಎನ್ನುವುದು ದೊಡ್ಡದಾಯಿತು. ಹರಳು ಕೊಟ್ಟ ಲ್ಯಾಬಿನವರು ಇನ್ನೊಂದು ಕೊಡಲು ಹಿಂದೆಗೆದರು. ಮೂರು ತಿಂಗಳು ಕಳೆದ ಮೇಲೆ ಮಧುಮತಿ ತನ್ನಿಂದಲೇ ತಪ್ಪಾಯಿತೆಂದು ಎಲ್ಲರಿಗೂ ಒಂದು ಪತ್ರ ಬರೆದಳು. ಅಷ್ಟು ಹೊತ್ತಿಗೆ ತಡವಾಗಿತ್ತು. ಕೆಲಸದ ಫೆರ್ಟ್ರಾಗ್, ಅಂದರೆ ಒಪ್ಪಂದ, ಮುಗಿದಾಗ ಅದನ್ನು ಮುಂದುವರಿಸಲಿಲ್ಲ. ಡಾಕ್ಟರೇಟ್ ಅರ್ಧಕ್ಕೆ ನಿಂತಿತು. ಫ್ರಾಂಕ್‌ಫರ್ಟ್ ಹತ್ತಿರ ಎಷ್‌ಬಾರ್ನ್‌ನಲ್ಲಿ ಯಾವುದೋ ಆಫೀಸಿನಲ್ಲಿ ಕೆಲಸ ಸಿಕ್ಕಿ ಹೊರಟುಹೋದಳು. ಆ ಹುಡುಗಿ ಯಾಕೆ ಮನೆಗೆ ಬರುವುದಿಲ್ಲ ಎಂದು ಸುಶೀಲಮ್ಮ ಕೇಳಿದಾಗಲೆಲ್ಲ ನಿಜಲಿಂಗಪ್ಪನವರು ಅವಳಿಗೆ ಪುರುಸೊತ್ತಿಲ್ಲ ಎನ್ನುತ್ತಿದ್ದರು.

ಆರು ವರ್ಷ ಕಳೆದ ಮೇಲೆ ನಿಜಲಿಂಗಪ್ಪನವರು ನಿವೃತ್ತಿಯ ಹತ್ತಿರ ಬಂದರು. ಅವರ ಜಾಗಕ್ಕೆ ಲಿಯೊನಿ ಎಂಬ ಜರ್ಮನ್ ಹುಡುಗಿ ಬಂದಳು. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೇಸ್ತ್ರಿಯ ಒಂದೊಂದು ಸಾಲನ್ನೂ ಓದಿ ಹೇಳುತ್ತಿದ್ದರು. ಮಗಳನ್ನು ಗಂಡನ ಮನೆಗೆ ಕಳಿಸುವ ಸಂಕಟ ಅವರ ದನಿಯಲ್ಲಿತ್ತು. ಆಳನ್ನು ಹುಟ್ಟಿಸುವ ಸಾಲು ಬಂದಾಗ ಲಿಯೊನಿ ಒಂದು ಸಾಧಾರಣ ಪ್ರಶ್ನೆ ಕೇಳಿದಳು. ಕಂಪ್ಯೂಟರಿನಲ್ಲಿ ಜಾಗವಿಲ್ಲದೆ ಆಳು ಹುಟ್ಟದೇ ಹೋದರೆ ಏನಾಗುತ್ತದೆ?

ಹಾಗೆ ಆಗುವುದಿಲ್ಲ ಎನ್ನಲು ನಿಜಲಿಂಗಪ್ಪನವರು ಬಾಯಿ ತೆರೆದರು. ಆದರೆ ಕಣ್ಣು ಆ ಸಾಲಿನ ಮೇಲೇ ಇತ್ತು, ಅದನ್ನು ಇನ್ನೊಮ್ಮೆ ಓದಿದರು.

ಆಳು ಹುಟ್ಟದಿದ್ದರೆ ಕಂಪ್ಯೂಟರು ನಂಬರಿನ ಬದಲು ಮೈನಸ್ ಒಂದು ಎಂದು ಉತ್ತರ ಕೊಡುತ್ತದೆ. ಅದನ್ನು ಪರೀಕ್ಷಿಸುವ ಒಂದು ಸಾಲು ಬರೆಯಬೇಕಿತ್ತು, ಅವರು ಬರೆದಿರಲಿಲ್ಲ. ಮೇಸ್ತ್ರಿ ಮೈನಸ್ ಒಂದನ್ನೇ ಆಳಿನ ನಂಬರೆಂದು ಬರೆದುಕೊಳ್ಳುತ್ತದೆ. ಅರ್ಧ ನಿಮಿಷ ಕಾಯುತ್ತದೆ. ಇಲ್ಲದ ಆಳು ಹೇಗೆ ಉಸಿರೆತ್ತೀತು? ಆಗ ಮೈನಸ್ ಒಂದನ್ನು ಕೊಲ್ಲು ಎನ್ನುತ್ತದೆ. ಕೊಲ್ಲುವ ಕಮಾಂಡಿನ ಭಾಷೆಯಲ್ಲಿ ಮೈನಸ್ ಒಂದು ಎಂದರೆ ಒಬ್ಬನಲ್ಲ. ನನ್ನನ್ನು ಬಿಟ್ಟು, ನನ್ನ ಕೈಗೆಟುಕುವ, ಅಂದರೆ ನನ್ನದೇ ಲಾಗಿನ್ ಹೆಸರಿನಲ್ಲಿ ಓಡುವ, ಎಲ್ಲರನ್ನೂ ಎಂದರ್ಥ.

ಒಂದು ಹಳೆಯ ಕಂಪ್ಯೂಟರ್ ತೆಗೆದುಕೊಂಡು, ಎಷ್ಟು ಪ್ರೋಗ್ರಾಂ ಓಡಬಹುದು ಎನ್ನುವ ಮಿತಿಯನ್ನು ಕೆಳಗಿಳಿಸಿ, ಮೇಸ್ತ್ರಿಯನ್ನು ಓಡಿಸಿ ನೋಡಿದರು. ಅರ್ಧ ನಿಮಿಷಕ್ಕೆ ಎಲ್ಲವೂ ಸತ್ತವು, ಮೇಸ್ತ್ರಿ ಉಳಿಯಿತು, ಎಲ್ಲರನ್ನೂ ಮತ್ತೆ ಕೆಲಸಕ್ಕೆ ಹಚ್ಚಿತು. ನಲವತ್ತು ಸಲ ಓಡಿಸಿದರು. ನಲವತ್ತು ಸಲವೂ ಹಾಗೆಯೇ ಆಯಿತು. ಅಂದು ಮಧುಮತಿ ಶುರು ಮಾಡಿದ್ದ ನೂರಾರು ಲೆಕ್ಕಾಚಾರಗಳಿಂದ ಜಾಗ ತುಂಬಿತ್ತು, ಅಷ್ಟೇ ಅವಳು ಮಾಡಿದ್ದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದರು, ಕಾಯಿಸಿದ ಕಬ್ಬಿಣ ಕೊಟ್ಟವರು ನಿಜಲಿಂಗಪ್ಪನವರು.

ಇನ್ನೂ ಒಂದಿತ್ತು. ಮೇಸ್ತ್ರಿ ಹಚ್ಚಿದ ಪ್ರತಿ ಆಳಿನ ನಂಬರೂ ಲಾಗ್ ಫೈಲಿನಲ್ಲಿ ಸೇರುತ್ತಿತ್ತು. ಅಂದಿನ ಫೈಲನ್ನು ಅಂದೇ ತೆರೆದಿದ್ದರೆ ಮೈನಸ್ ಒಂದು ಎಂದು ಬರೆದದ್ದು ಕಣ್ಣಿಗೆ ಹೊಡೆಯುತ್ತಿತ್ತು. ಎರಡು ನಿಮಿಷದ ಕೆಲಸ. ಈಗ ಹುಡುಕಿದರೆ ಫೈಲಿರಲಿಲ್ಲ. ಮೂರು ವರ್ಷ ದಾಟಿದ ಲಾಗುಗಳನ್ನು ಅಳಿಸಬೇಕೆಂಬ ನಿಯಮ ಮಾಡಿದವರೂ ನಿಜಲಿಂಗಪ್ಪನವರೇ. ಪುರಾವೆಯನ್ನೂ ತಾವೇ ತೊಳೆದುಹಾಕಿದಂತಾಯಿತು ಎಂದು ಅವರು ಕುರ್ಚಿಯಲ್ಲಿ ಕೂತು ಅತ್ತರು. ಲಿಯೊನಿ ಏನೂ ತಿಳಿಯದೆ ನೀರು ತಂದುಕೊಟ್ಟಳು.

ಸಂಸ್ಥೆಯ ಈಗಿನ ಮುಖ್ಯಸ್ಥರಿಗೆ ಎಲ್ಲವನ್ನೂ ಹೇಳಿದರು. ಅವರು ಸಹಾನುಭೂತಿಯಿಂದ ಕೇಳಿ, ತಂತ್ರಾಂಶದ ದೋಷವೂ ಕಾರಣವಾಗಿರಬಹುದು ಎಂದು ಮೂರು ವಾಕ್ಯದ ಒಂದು ಪತ್ರ ಕೊಟ್ಟರು. ಅದಕ್ಕಿಂತ ಹೆಚ್ಚು ಬರೆಯಲು ದಾಖಲೆ ಇಲ್ಲವಲ್ಲ ಎಂದರು. ನಿಜಲಿಂಗಪ್ಪನವರು ಮನೆಯಲ್ಲಿ ಹೆಂಡತಿಗೆ ಎಲ್ಲವನ್ನೂ ಹೇಳಿ, ಆ ಪತ್ರವನ್ನು ಮಧುಮತಿಗೆ ಅಂಚೆಯಲ್ಲಿ ಹಾಕೋಣವೇ ಎಂದು ಕೇಳಿದರು. ಸುಶೀಲಮ್ಮ ಆರು ವರ್ಷ ಪುರುಸೊತ್ತಿಲ್ಲ ಎಂದು ನಂಬಿಸಿದ ಗಂಡನ ಮುಖವನ್ನೇ ನೋಡುತ್ತಿದ್ದರು.

"ಪತ್ರ ಗಿತ್ರ ಬ್ಯಾಡ್ರಿ. ಆ ಹುಡುಗಿ ಮುಖಾ ನೋಡಿ ಹೇಳ್ರಿ," ಎಂದರು ಕೊನೆಗೆ.

ಫ್ರಾಂಕ್‌ಫರ್ಟಿಗೆ ರೈಲು, ಅಲ್ಲಿಂದ ಎಸ್-ಬಾನ್ ಎಂಬ ಲೋಕಲ್ ರೈಲು. ಎಷ್‌ಬಾರ್ನ್‌ನ ಗಾಜಿನ ಕಟ್ಟಡಗಳ ನಡುವೆ ಒಂದು ಬೇಕರಿಯಲ್ಲಿ ಮಧ್ಯಾಹ್ನದ ಬಿಡುವಿನ ಹೊತ್ತಿಗೆ ಮಧುಮತಿ ಬಂದಳು. ಕೂದಲಲ್ಲಿ ಬಿಳಿ ಕಾಣಿಸಿಕೊಂಡಿತ್ತು, ವಯಸ್ಸು ಇನ್ನೂ ಮೂವತ್ತಮೂರು. ಸುಶೀಲಮ್ಮನನ್ನು ವಿಚಾರಿಸಿದಳು. ತನ್ನ ಕೆಲಸದ ಬಗ್ಗೆ ಕೇಳಿದಾಗ ನಗುತ್ತಾ ಹೇಳಿದಳು: ಬೇರೆಯವರ ಪ್ರೋಗ್ರಾಂ ಪರೀಕ್ಷೆ ಮಾಡುವ ಕೆಲಸ, ಕಮಾಂಡ್ ಕೊಡುವ ಮೊದಲು ಪಕ್ಕದವರನ್ನು ಕರೆದು ತೋರಿಸುತ್ತಾಳಂತೆ, ಮನೆಯಿಂದ ಹೊರಡುವಾಗ ಒಲೆ ಆರಿಸಿದ್ದನ್ನು ಫೋನಿನಲ್ಲಿ ಫೋಟೋ ತೆಗೆದುಕೊಳ್ಳುತ್ತಾಳಂತೆ. ನಿಜಲಿಂಗಪ್ಪನವರಿಗೆ ನಗಲಾಗಲಿಲ್ಲ.

"ತಪ್ಪು ನಂದು, ಮಧು. ಅವತ್ತ ನೀ ಏನೂ ಮಾಡಿದ್ದಿಲ್ಲ," ಎಂದು, ಮಡಚಿ ತಂದಿದ್ದ ಕೋಡಿನ ಹಾಳೆಯನ್ನೂ ಸಂಸ್ಥೆಯ ಪತ್ರವನ್ನೂ ಮುಂದಿಟ್ಟರು. ಎಲ್ಲವನ್ನೂ ಹೇಳಿದರು. ಮೈನಸ್ ಒಂದು, ನಲವತ್ತು ಸಲ, ಅಳಿಸಿಹೋದ ಲಾಗು, ಅಂದು ಪ್ರೊಫೆಸರ ಮುಂದೆ ನೋಡದೆ ಆಡಿದ ಮಾತು.

ಮಧುಮತಿ ಹಾಳೆಯನ್ನು ಓದಿದಳು. ಅವಳಿಗೆ ಅರ್ಥವಾಗಲು ಒಂದು ನಿಮಿಷವೂ ಬೇಕಾಗಲಿಲ್ಲ. ಹೌದು, ಹೀಗೂ ಆಗಬಹುದು ಎಂದಳು. ಆಮೇಲೆ ಹಾಳೆಯನ್ನು ಮೊದಲಿದ್ದಂತೆಯೇ ಮಡಚಿ ಅವರ ಕಡೆ ಸರಿಸಿದಳು.

"ಆದ್ರೆ ಅವತ್ತು ಆಗಿದ್ದು ಇದಲ್ಲ ಸರ್. ನಾನೇ ಹೊಡ್ದೆ. ನನಗೆ ಚೆನ್ನಾಗಿ ನೆನಪಿದೆ. ಎಡಗೈಲಿ ಟೀ ಇತ್ತು, ಒಂದೇ ಕೈಲಿ ಟೈಪ್ ಮಾಡ್ತಿದ್ದೆ. ಎಂಟರ್ ಒತ್ತಿದ್ ತಕ್ಷಣ ಗೊತ್ತಾಯ್ತು."

"ಇಲ್ಲವಾ. ಕಾರಿಡಾರಿನ್ಯಾಗ ನೀನ ಹೇಳಿದ್ದಿ. ಹೆಸರು ಹಾಕಿ ನಿಲ್ಲಿಸೀನಿ ಅಂತ."

"ಆಗ ಭಯ ಇತ್ತು ಸರ್. ನಿಮ್ಮತ್ರ ಸುಳ್ಳು ಹೇಳ್ದೆ."

ನಿಜಲಿಂಗಪ್ಪನವರು ಅವಳ ಮುಖ ನೋಡಿದರು. ಅಲ್ಲಿ ಸುಳ್ಳಿರಲಿಲ್ಲ. ಹತ್ತು ಜನ ಸೇರಿ ನೀನೇ ಎಂದಾಗ, ನಂಬಿದ ಹಿರಿಯರೂ ನೋಡುವುದೇನಿದೆ ಎಂದಾಗ, ಒಂಟಿಯಾಗಿ ಮೂರು ತಿಂಗಳು ಯೋಚಿಸಿ ಯೋಚಿಸಿ ಈ ನೆನಪನ್ನು ಅವಳು ತಾನೇ ಕಟ್ಟಿಕೊಂಡಿದ್ದಳು. ಟೀ ಲೋಟದ ಸಮೇತ ಕಟ್ಟಿಕೊಂಡು ಆರು ವರ್ಷ ಅದರೊಳಗೇ ವಾಸ ಮಾಡಿದ್ದಳು. ಅದನ್ನು ಕೆಡವಲು ಅವರ ಹತ್ತಿರ ಇದ್ದದ್ದು ಇರಬಹುದು ಎನ್ನುವ ಒಂದು ಪತ್ರ. ಅವರು ಮತ್ತೆ ಹೇಳಿದರು, ಕೈ ಹಿಡಿದು ಹೇಳಿದರು, ಅಂದು ನಾನು ಫೈಲು ತೆರೆದಿದ್ದರೆ ಎಂದು ಹೇಳಲು ಹೋಗಿ ಕಣ್ಣೊರೆಸಿಕೊಂಡರು. ಮಧುಮತಿ ಅವರಿಗೆ ಪೇಪರ್ ಕರವಸ್ತ್ರ ತಂದುಕೊಟ್ಟಳು. ಅವಳ ಕಣ್ಣೂ ಒದ್ದೆಯಾಗಿತ್ತು.

"ನೀವು ದೊಡ್ಡವರು ಸರ್. ರಿಟೈರ್ ಆಗೋ ಹೊತ್ತಲ್ಲಿ ನನ್ನ ತಪ್ಪನ್ನ ನಿಮ್ಮ ಮೇಲೆ ಹಾಕ್ಕೊಳ್ಳೋಕೆ ಇಷ್ಟು ದೂರ ಬಂದ್ರಿ. ಅವತ್ತೇ ನಿಮ್ಮತ್ರ ಕ್ಷಮೆ ಕೇಳ್ಬೇಕಿತ್ತು, ಧೈರ್ಯ ಬರ್ಲಿಲ್ಲ."

ಬಿಡುವು ಮುಗಿದಿತ್ತು. ಅವಳ ಸಹೋದ್ಯೋಗಿಗಳು ಎದ್ದು ಬಾಗಿಲ ಕಡೆ ಹೊರಟಿದ್ದರು. ಮಧುಮತಿಯೂ ಎದ್ದಳು, ಎದ್ದು ನಿಂತ ನಿಜಲಿಂಗಪ್ಪನವರ ಮುಂದೆ ಬಗ್ಗಿದಳು. ಬ್ಯಾಡವಾ, ಬ್ಯಾಡ ಎಂದು ಅವರು ಹಿಂದೆ ಸರಿಯಲು ನೋಡಿದರು. ಹಿಂದೆ ಕುರ್ಚಿ ಇತ್ತು, ಸರಿಯಲಾಗಲಿಲ್ಲ. ಅವಳು ಎರಡೂ ಕೈಯಿಂದ ಅವರ ಬೂಟು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು.