ದುರ್ಗದ ಸೀಮೆಗೆ ಪಾರ್ಸೆಲ್ಲಿನಲ್ಲಿ ಬಂದ ಜಲ್ಲಿ

ಹೊಳಲ್ಕೆರೆಯ ಹೊನ್ನಕ್ಕನಿಗೆ ಸಿಟ್ಟು ಬಂದರೆ ಮೊದಲು ಕೆಂಪಾಗುತ್ತಿದ್ದದ್ದು ಮೂಗಿನ ತುದಿ. ಮೂಗುತಿಯ ಹರಳು ಆಗ ಇನ್ನಷ್ಟು ಬೆಳ್ಳಗೆ ಕಾಣುತ್ತಿತ್ತು. ಆ ಮೂಗುತಿ ಅವಳತ್ತೆ ಬಾಗೂರಿನಿಂದ ತಂದದ್ದು, ಅದರದೇ ಒಂದು ದೊಡ್ಡ ಕಥೆ. ಅದಿರಲಿ, ಈಗ ಹೇಳಬೇಕಾದ್ದು ಜಲ್ಲಿಯ ಕಥೆ.

ಸ್ಟೇಷನ್ನಿಗೆ ಹೋಗುವ ರಸ್ತೆಯಲ್ಲಿ ಅವಳದು ಫ್ಯಾನ್ಸಿ ಸ್ಟೋರು. ಬಳೆ, ರಿಬ್ಬನ್ನು, ರಂಗೋಲಿ ಬಣ್ಣ, ಮಕ್ಕಳ ಆಟದ ಸಾಮಾನು. ಎಂಥ ಬಿಗಿ ಕೈಗೂ ಒಂದೂ ಬಳೆ ಒಡೆಯದಂತೆ ತೊಡಿಸುತ್ತಿದ್ದಳು, ಪುಣ್ಯಾತ್ಗಿತ್ತಿ.

ತೊಂಬತ್ತರ ದಶಕದಲ್ಲಿ ಮೀಟರ್‌ಗೇಜ್ ಹಳಿ ಕಿತ್ತು ಬ್ರಾಡ್‌ಗೇಜ್ ಹಾಕಿದಾಗ, ಹಿಂದಿನ ಬೀದಿಯ ಶ್ರೀನಿವಾಸ ಮನೆಯವರೇ ಯಾರೋ ಹೋದಂತೆ ಮಂಕಾಗಿಬಿಟ್ಟ. ಕರೆಂಟ್ ಆಫೀಸಿನ ನೌಕರ, ರೈಲಿನ ಹುಚ್ಚು. ಮಹಡಿಯ ಕೋಣೆಯಲ್ಲಿ ಹಲಗೆ ಹಾಸಿ, ಹಳೆಯ ಹೊಳಲ್ಕೆರೆ ಸ್ಟೇಷನ್ನನ್ನೇ ಪುಟ್ಟದಾಗಿ ಕಟ್ಟತೊಡಗಿದ. ಸಾಮಾನೆಲ್ಲ ಹೊನ್ನಕ್ಕನದೇ. ಪಾತ್ರೆ ತಿಕ್ಕುವ ಹಸಿರು ಸ್ಪಂಜು ಚೂರುಮಾಡಿದರೆ ಬೇವಿನ ಮರ. ಮರದ ಹೊಟ್ಟಿಗೆ ರಂಗೋಲಿ ಬಣ್ಣ ಕಲಸಿದರೆ ಹುಲ್ಲು. ಹಳಿಯ ನಡುವೆ ಸುರಿಯಲು ಸಣ್ಣ ಜಲ್ಲಿ ಬೇಕೆಂದಾಗ, ಕ್ರಷರಿನಿಂದ ಕಲ್ಲುಪುಡಿ ತರಿಸಿ ತನ್ನ ರವೆ ಜರಡಿಯಲ್ಲೇ ಜಾಲಿಸಿ ಕೊಟ್ಟಳು. ಆಮೇಲೆ ಬಹಳ ದಿನ ಅವಳ ಮನೆಯ ಉಪ್ಪಿಟ್ಟಿನಲ್ಲಿ ಕಲ್ಲು. ಗಂಡ ಗೋವಿಂದಪ್ಪ, ಪಾಪ, ಒಂದೊಂದೇ ಆರಿಸಿ ತಟ್ಟೆಯಂಚಿಗೆ ಇಡುತ್ತಿದ್ದ.

"ನಮ್ಮ ರೈಲು ಕಣಕ್ಕ ಇದು," ಎನ್ನುತ್ತಿದ್ದ ಶ್ರೀನಿವಾಸ. ಆ 'ನಮ್ಮ' ಎಂಬ ಮಾತಿಗೇ ಅವಳು ಕರಗಿಹೋಗಿದ್ದಳು.

ಹೀಗೇ ಹತ್ತು ಹನ್ನೆರಡು ವರ್ಷ ನಡೆಯಿತು. ಆಮೇಲೆ ಬಂತಲ್ಲ ಕಂಪ್ಯೂಟರು! ಒಂದು ಮಧ್ಯಾಹ್ನ ಕೊರಿಯರ್ ಜುಂಜೇಶ ಮೊಪೆಡ್ ನಿಲ್ಲಿಸಿ, ಡಬ್ಬದ ಮೇಲಿನ ವಿಳಾಸ ಓದಿದ: "ಶ್ರೀನಿವಾಸ್, ಹೊನ್ನಕ್ಕ ಫ್ಯಾನ್ಸಿ ಸ್ಟೋರ್ ಹತ್ತಿರ. ನಿಮ್ಮ ಹೆಸರೇ ಐತೆ, ಇಟ್ಕಳ್ರಿ ಅಕ್ಕ."

ತನ್ನ ಹೆಸರು ಅಚ್ಚಾಗಿದೆಯೆಂದು ಹಿಗ್ಗಿ ಸಹಿ ಹಾಕಿ ಇಟ್ಟುಕೊಂಡಳು. ಸಂಜೆ ಶ್ರೀನಿವಾಸ ಬಂದವನೇ ಅಲ್ಲೇ ಗಲ್ಲಾದ ಮೇಲಿಟ್ಟು ಬಿಚ್ಚಿದ. ಒಂದು ಎಂಜಿನ್ನು. ಒಂದು ಪೊಟ್ಟಣ ಹುಲ್ಲು. ಇನ್ನೊಂದು ಪೊಟ್ಟಣದಲ್ಲಿ ಏನೋ ಗರಗರ ಎಂದಿತು.

"ಏನೋ ಅದು?"

"ಜಲ್ಲಿ ಕಣಕ್ಕ. ಚಿತ್ರದುರ್ಗದ ಸೈಬರ್ ಸೆಂಟರಿಂದ ಆರ್ಡರ್ ಮಾಡಿದ್ದೆ."

ಮೂಗು ಕೆಂಪಾಯಿತು.

"ದುರ್ಗದ ಸೀಮೆಗೆ ಕಲ್ಲು ತರ್ಸಿದೀಯೇನೋ! ಎದ್ರೂ ಕಲ್ಲು, ಬಿದ್ರೂ ಕಲ್ಲು, ಅಷ್ಟು ಸಾಲ್ಲಿಲ್ವ ನಿಂಗೆ?"

"ಎಲ್ಲಾ ಒಂದೇ ಸೈಜು ಇರ್ತಾವಕ್ಕ."

"ಎಂಜಿನ್ ತರ್ಸು, ನಾನೇನ್ ಎಂಜಿನ್ ಹಡೀತೀನಾ? ಕಲ್ಲು ಯಾಕೋ? ಹುಲ್ಲು ಯಾಕೋ? ಕುರಿ ಕಾಯೋರು ಕೇಳಿದ್ರೆ ನಕ್ಕಾರು!"

ಅವನು ಡಬ್ಬ ಎತ್ತಿಕೊಂಡು ಹೊರಟೇಹೋದ. ಮೋಸವೇನೂ ಅಲ್ಲ ನೋಡಿ, ಅವನಿಷ್ಟ. ಆದರೆ ಅವಳ ಅಂಗಡಿ ಅವನ ಪಾರ್ಸೆಲ್ಲಿಗೆ ದಾರಿ ತೋರಿಸುವ ಬರೀ ಕೈಕಂಬವಾಯಿತಲ್ಲ! ಹೊಟ್ಟೆ ಉರಿದದ್ದು ಅದಕ್ಕೆ.

ಜುಂಜೇಶ ಮುಂದಿನ ಪಾರ್ಸೆಲ್ ತಂದಾಗ ಹೊನ್ನಕ್ಕ ಹೇಳಿದಳು: "ಆ ಅಂಗ್ಡಿ ಇಲ್ಲಿಲ್ಲ ಹೋಗಪ್ಪ."

ಜುಂಜೇಶ ಕತ್ತೆತ್ತಿದ. "ಬೋರ್ಡು ನಿಮ್ಮ ತಲೆ ಮ್ಯಾಲೇ ಐತಲ್ರಿ ಅಕ್ಕ?"

"ಬೋರ್ಡ್ ಐತೆ. ಅಂಗ್ಡಿ ಇಲ್ಲ."

ಪಾರ್ಸೆಲ್ ಬೆಂಗಳೂರಿಗೆ ವಾಪಸ್ಸಾಯಿತು. ಶ್ರೀನಿವಾಸ ಜಗಳಕ್ಕೂ ಬರಲಿಲ್ಲ, ರಸ್ತೆಯ ಆಚೆ ಬದಿಯಲ್ಲೇ ಓಡಾಡತೊಡಗಿದ.

ಮೂರನೆಯ ಪಾರ್ಸೆಲ್ ಹಿಡಿದು ಜುಂಜೇಶ ಅಂಗಡಿ ದಾಟಿ ಮುಂದೆ ಹೋದ, ಹಿಂದೆ ಬಂದ, ಮತ್ತೆ ಹೋದ. ಕೆಂಡದಂಥ ಬಿಸಿಲು. ಹೊನ್ನಕ್ಕನಿಗೆ ತಡೆಯಲಾಗಲಿಲ್ಲ.

"ಏನ್ ಹುಡುಕ್ತಿದೀಯಪ್ಪ?"

"ಬೇವಿನ ಮರದ ಹತ್ತಿರ ಅಂತ ಬರ್ದವ್ರೆ. ಈ ಬೀದಿ ತುಂಬ ಬೇವಿನ ಮರಾನೇ ಅವೆ."

ಅವಳ ಹೆಸರು ಹೋಗಿತ್ತು! ಹೆಸರು ಇದ್ದಾಗ ಬಂದ ಸಿಟ್ಟು ಇದರ ಮುಂದೆ ಏನೂ ಅಲ್ಲ.

"ತಾ ಇಲ್ಲಿ. ಕರಿ ಆ ಬೇವಿನ ಮರದವನ್ನ!"

ಶ್ರೀನಿವಾಸ ತಲೆ ತಗ್ಗಿಸಿ ಬಂದ. ಹೊನ್ನಕ್ಕ ಒಳಗೆ ಹೋಗಿ ಮೊರ ತಂದಳು. ಅದರ ತುಂಬ ಜಾಲಿಸಿದ ಜಲ್ಲಿ. ಜಗಳವಾದ ಮರುದಿನವೇ ಜಾಲಿಸಿ ಇಟ್ಟಿದ್ದಳೆಂದು ಅವಳ ಗಂಡನ ಉಪ್ಪಿಟ್ಟಿಗೆ ಮಾತ್ರ ಗೊತ್ತಿತ್ತು.

"ಪಾರ್ಸೆಲ್ಲು, ಈ ಕಲ್ಲು, ಎರಡೂ ತಗೊಂಡು ನಡಿ."

"ಹಳಿ ತುಂಬ ಆ ಪಾರ್ಸೆಲ್ ಕಲ್ಲೇ ಅಂಟಿಸಿಬಿಟ್ಟಿದೀನಕ್ಕ."

"ಕೆರ್ದು ತೆಗಿ."

"ಕೆರೆಯಾಕೆ ತಿಂಗಳಾಗುತ್ತೆ."

ಹೊನ್ನಕ್ಕ ಕಪಾಟಿನಿಂದ ಒಂದು ಹೇರ್‌ಪಿನ್ನು ಎಳೆದು ಮೊರದೊಳಕ್ಕೆ ಎಸೆದಳು.

"ಆಗ್ಲಿ. ನಮ್ಮ ರೈಲು, ನಂಗೇನು ಅವಸರ ಇಲ್ಲ. ಇನ್ನು ಮ್ಯಾಲೆ ಅಡ್ರೆಸ್ಸಿಗೆ ನನ್ನ ಹೆಸರು ಬರಿ. ಆ ಬೇವಿನ ಮರ ಬಂದು ಸಹಿ ಹಾಕುತ್ತೇನೋ ನಿಂಗೆ?"