ಬೇವಿನ ಗಿಡದ ಕೆಳಗೆ ಅಳೆದ ಗಾಳಿ

ಎಂಬತ್ತರ ದಶಕದ ನಡುವೆ ನಾನು ಹುಬ್ಬಳ್ಳಿಯ ಒಂದು ಪ್ರಯೋಗಾಲಯದಲ್ಲಿ ಸಹಾಯಕನಾಗಿದ್ದೆ. ಗುಡಗೇರಿಯಿಂದ ಆಚೆ ಒಂದು ಹಳ್ಳಿಯಲ್ಲಿ ಹತ್ತಿಕಾಳಿನಿಂದ ಎಣ್ಣೆ ತೆಗೆಯುವ ಕಾರ್ಖಾನೆಯಿತ್ತು. ಎಣ್ಣೆ ಬಿಡಿಸಲು ಪೆಟ್ರೋಲಿನಂತೆ ಆರಿಹೋಗುವ ಒಂದು ದ್ರವ ಬಳಸುತ್ತಿದ್ದರು. ಕಾರ್ಖಾನೆಯ ಹಿಂದೆಯೇ ಮನೆಯಿದ್ದ ಹೆಣ್ಣುಮಗಳೊಬ್ಬಳು ತನ್ನ ಎಮ್ಮೆಯ ಹಾಲಿಗೂ ಆ ದ್ರವದ ವಾಸನೆ ಹತ್ತುತ್ತದೆ, ಯಾರೂ ಕೊಳ್ಳುವುದಿಲ್ಲ ಎಂದು ಅರ್ಜಿ ಕೊಟ್ಟಿದ್ದಳು. ಗಾಳಿ ಅಳೆಯಲು ನನ್ನನ್ನು ಕಳಿಸಿದರು.

ನನ್ನ ಬಳಿ ಇದ್ದದ್ದು ಬುತ್ತಿ ಡಬ್ಬಿಯಷ್ಟು ಗಾತ್ರದ, ಬ್ಯಾಟರಿಯ ಪಂಪು ಮತ್ತು ಬೆರಳುದ್ದದ ಗಾಜಿನ ಕೊಳವೆಗಳು. ಕೊಳವೆಯೊಳಗೆ ಇದ್ದಿಲಿನ ಚೂರು. ಪಂಪು ಗಾಳಿ ಎಳೆದರೆ ಆವಿ ಇದ್ದಿಲಿಗೆ ಅಂಟುತ್ತದೆ. ಎಷ್ಟು ಅಂಟಿದೆಯೆಂದು ಪ್ರಯೋಗಾಲಯದಲ್ಲಿ ನೋಡುತ್ತಿದ್ದೆವು.

ಆಕೆ ದನದ ಕೊಟ್ಟಿಗೆ ತೋರಿಸಿದಳು. "ಇಲ್ಲೇ ಇಡ್ರಿ ಸಾಹೇಬ್ರ. ಗಾಳಿ ಈ ಕಡೇನ ಬೀಸತೈತಿ."

ಸೂರಿಲ್ಲದ ಕೊಟ್ಟಿಗೆಯಲ್ಲಿ ಸಗಣಿ, ನೊಣ, ಉರಿಬಿಸಿಲು. ಅಷ್ಟರಲ್ಲಿ ಕಾರ್ಖಾನೆಯ ಮ್ಯಾನೇಜರ್ ಬಂದರು. "ಬಿಸಲಾಗ ಯಾಕ ನಿಂದರ್ತೀರಿ? ಆ ಬೇವಿನ ಗಿಡದ ಕೆಳಗ ಕುರ್ಚಿ ಹಾಕಿಸೇನಿ. ಗಾಳಿ ಎಲ್ಲಾ ಕಡಿ ಒಂದ ಅಲ್ಲೇನ್ರಿ?"

ಅಲ್ಲವೆಂದು ನನಗೆ ಗೊತ್ತಿತ್ತು. ಬೇವಿನ ಗಿಡ ಇದ್ದದ್ದು ಕಾರ್ಖಾನೆಯ ಪಶ್ಚಿಮಕ್ಕೆ, ಗಾಳಿ ಬೀಸುತ್ತಿದ್ದದ್ದೂ ಪಶ್ಚಿಮದಿಂದಲೇ. ಆದರೂ ಹೋಗಿ ಕೂತೆ. ಅವರು ಕೊಟ್ಟ ರೊಟ್ಟಿ, ಬದನೆಕಾಯಿ ಪಲ್ಯ ತಿಂದೆ. ಪಂಪು ಹೊಲದ ಗಾಳಿ ಕುಡಿಯುತ್ತ ಕೂತಿತು.

ಗಾಳಿಯಲ್ಲಿ ಆವಿಯೇ ಇಲ್ಲವೆಂದು ವರದಿ ಬಂತು. ಅದನ್ನು ಪಂಚಾಯ್ತಿಗೆ ಮುಟ್ಟಿಸಲು ಹೋದವನೂ ನಾನೇ. ಆಕೆಯೂ ಅಲ್ಲಿಗೆ ಬಂದಿದ್ದಳು. ಕಟ್ಟೆಯ ಮೇಲಿದ್ದವನೊಬ್ಬ ಆಕೆಯನ್ನು ನೋಡಿ ನಕ್ಕ: "ಗಾಳಿ ಸ್ವಚ್ಛ ಐತಂತ. ಇನ್ನರ ಹಾಲಿನ ತಂಬಗಿ ತೊಳಿಬೇ!"

ಆಕೆ ನನ್ನ ಕಡೆ ತಿರುಗಿ, "ನೀವು ಓದಿದವ್ರು. ನನ್ನ ಮೂಗ ತಪ್ಪಿರಬೇಕ್ರಿ" ಎಂದಳು.

ಆಕೆ ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಈ ಮಾತು ಹೊತ್ತುಕೊಂಡು ನಾಲ್ಕು ದಿನ ಅಡ್ಡಾಡಿದೆ. ಐದನೆಯ ದಿನ ನಮ್ಮ ಹಿರಿಯ ರಸಾಯನಶಾಸ್ತ್ರಜ್ಞರ ಮುಂದೆ ನಿಂತು ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದಿಟ್ಟರು. "ನೆಳ್ಳ ಹುಡುಕ್ಕೊಂಡು ಹೋದ್ಯಾ? ನಾಳೆ ಮತ್ತ ಹೋಗು. ಕೊಟ್ಟಿಗಿ ಬಿಟ್ಟು ಕದಲಬ್ಯಾಡ."

ಮರುದಿನ ಬೆಳಗಿನಿಂದ ಸಂಜೆಯವರೆಗೆ ಎಮ್ಮೆಯ ಪಕ್ಕದಲ್ಲೇ ಕೂತೆ. ಮಧ್ಯಾಹ್ನದ ಹೊತ್ತಿಗೆ ತಲೆ ಸಿಡಿಯತೊಡಗಿತು. ಆಕೆ ದಿನಾಲೂ ಉಸಿರಾಡುತ್ತಿದ್ದ ಗಾಳಿ ಅದು. ಈ ಸಲ ಇದ್ದಿಲು ಸುಳ್ಳು ಹೇಳಲಿಲ್ಲ. ವರದಿ ಹೋದ ಮೇಲೆ ಕಾರ್ಖಾನೆಯವರು ಸೋರುತ್ತಿದ್ದ ಪೈಪು ಬದಲಿಸಿದರು. ವಾಸನೆ ಪೂರ್ತಿ ಹೋಗದಿದ್ದರೂ ತಗ್ಗಿತು.

ಕೊನೆಯ ಸಲ ಹೋದಾಗ ಆಕೆ ಗಟ್ಟಿ ಮೊಸರು ತಂದಿಟ್ಟಳು. "ಮೊದಲನೇ ಸಲ ನಿಮ್ಮ ಮಷೀನ್ ಕೆಟ್ಟಿತ್ತೇನ್ರಿ?"

ಸುತ್ತ ನಾಲ್ಕು ಜನ ನಿಂತಿದ್ದರು. ನಿಜ ಹೇಳಲು ಅದೇ ತಕ್ಕ ಜಾಗವಾಗಿತ್ತು.

"ಹೌದ್ರಿ ಅಕ್ಕಾರ, ಕೆಟ್ಟಿತ್ತು" ಎಂದೆ. ತಲೆ ತಗ್ಗಿಸಿ ಮೊಸರು ತಿಂದೆ.